ಮೊಸಳೆ ಮೇಡಂ ಮೇಲಿನ ಮೊಕದ್ದಮೆ

ಮಂಗಳವಾರ, ಜೂನ್ 3

ದಿನಚರಿ ಬರೆಯುವವರನ್ನು ಕಂಡರೆ ನನಗೆ ಮೊದಲಿಂದಲೂ ನಗು. ಇವರಿಗೆಲ್ಲ ಇಷ್ಟು ಪುರುಸೊತ್ತು ಎಲ್ಲಿಂದ ಬರುತ್ತದೆ ಅಂತ. ನನಗಂತೂ ಪುರುಸೊತ್ತಿಲ್ಲ. ಆದರೂ ಕೂತಿದ್ದೇನೆ. ಬೆಳಿಗ್ಗೆ ನಡೆದದ್ದನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಉಬ್ಬಿ ಸಾಯುತ್ತೇನೆ. ಇಂಥದ್ದನ್ನೆಲ್ಲ ಹೇಳುತ್ತಿದ್ದದ್ದು ಅಮ್ಮನಿಗೆ. ಅವಳು ಹೋಗಿ ತಿಂಗಳಾಗುತ್ತ ಬಂತು.

ನಡೆದದ್ದು ಇಷ್ಟು. ಕೆಲಸಕ್ಕೆ ಹೊರಟು ಚಪ್ಪಲಿ ಬೀರು ತೆಗೆಯಲು ಹೋದರೆ ಇರುವೆ ಅಡ್ಡ ನಿಂತಳು. ಇರುವೆ ನನ್ನ ಮಗಳು, ಆರು ವರ್ಷ. ಸಿಹಿ ಎಲ್ಲಿ ಬಚ್ಚಿಟ್ಟರೂ ಹುಡುಕಿ ತೆಗೆಯುತ್ತಾಳೆ ಅಂತ ಅಮ್ಮ ಇಟ್ಟ ಹೆಸರು.

"ತೆಗೀಬೇಡ. ಅದು ಜೈಲು."

"ಜೈಲಲ್ಲಿ ನನ್ನ ಶೂ ಇದೆ ಕಣೇ."

"ಹಾಗಾದ್ರೆ ಪರ್ಮಿಶನ್ ಕೇಳು. ನಾನೇ ಜೈಲರ್."

ಕೇಳಿದೆ, ಕೊಟ್ಟಳು. ಬಾಗಿಲು ತೆಗೆದರೆ ಮೇಲಿನ ಖಾನೆಯಲ್ಲಿ ಮೊಸಳೆ ಮೇಡಂ, ಅಮ್ಮ ಹೊಲಿದ ಕೈಬೊಂಬೆ, ಮಲಗಿದ್ದಾಳೆ. ತಲೆಯಡಿ ಮಡಿಸಿದ ಕರವಸ್ತ್ರ, ಪಕ್ಕದಲ್ಲಿ ಬಾಟಲಿಯ ಮುಚ್ಚಳದಲ್ಲಿ ನೀರು, ಅರ್ಧ ಕಚ್ಚಿದ ಬಿಸ್ಕತ್ತು. ನನ್ನ ಶೂಗಳನ್ನು ಗೋಡೆಗೆ ಒತ್ತಿ ಕೈದಿಗೆ ಜಾಗ ಮಾಡಿಕೊಟ್ಟಿದ್ದಳು.

"ಇನ್ನೂ ಎಷ್ಟು ದಿನ ಇಲ್ಲಿ?"

"ತೀರ್ಪು ಬರೋವರೆಗೂ. ಮುಂದಿನ ಭಾನುವಾರ ತೀರ್ಪು ಅಂತ ಅಜ್ಜಿ ಹೇಳಿದ್ರಲ್ಲ."

ನಾನು ಬಾಯಿ ತೆಗೆಯುವ ಮೊದಲೇ ಅವಳೇ ಹೇಳಿದಳು, "ಅಜ್ಜಿ ಇಲ್ಲ ಅಂತ ಗೊತ್ತಮ್ಮ. ಆದ್ರೆ ಭಾನುವಾರ ಇದೆಯಲ್ಲ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ. ಬಸ್ಸಿಳಿದಾಗ ನೋಡಿಕೊಂಡರೆ ಒಂದು ಶೂ ಒಳಗೆ ಬಿಸ್ಕತ್ತಿನ ಪುಡಿ.

ಗುರುವಾರ, ಜೂನ್ 5

ಅಮ್ಮ ಕೈಗವಸಿನ ಕಾರ್ಖಾನೆಯಲ್ಲಿ ಹೊಲಿಗೆಯವಳಾಗಿದ್ದಳು. ಅದರಲ್ಲೂ ಹೆಬ್ಬೆರಳಿನ ವಿಭಾಗ. "ಜೀವಮಾನವಿಡೀ ಹೆಬ್ಬೆರಳೇ ಹೊಲಿದೆ ಕಣೇ, ಉಳಿದ ನಾಲ್ಕು ಬೆರಳು ಯಾರ ಪಾಲಿಗೆ ಹೋದವೋ ದೇವರಿಗೇ ಗೊತ್ತು" ಅನ್ನುತ್ತಿದ್ದಳು. ನಿವೃತ್ತಿಯ ದಿನ ಏನು ಬೇಕು ಅಂತ ಕೇಳಿದರಂತೆ. ಉಳಿದವರೆಲ್ಲ ಗೋಡೆ ಗಡಿಯಾರ ತೆಗೆದುಕೊಂಡು ಹೋಗುವ ಕಡೆ ಇವಳು ಒಂದು ಮೂಟೆ ಕೆಟ್ಟ ಕೈಗವಸು ಕೇಳಿ ತಂದಳು. ಜೋಡಿಯಿಲ್ಲದವು, ಬೆರಳು ಸೊಟ್ಟಗಾದವು, ಎರಡು ಹೆಬ್ಬೆರಳು ಬಂದುಬಿಟ್ಟವು. "ಇವನ್ನಿಟ್ಟುಕೊಂಡು ಏನು ಮಾಡ್ತೀಯ?" ಅಂತ ನಾನು ಬೈದದ್ದೇ ಬೈದದ್ದು.

ಏನು ಮಾಡಿದಳು ಅಂದರೆ ಒಂದು ಊರನ್ನೇ ಮಾಡಿದಳು. ಕಂದು ಕೈಗವಸು ಗೂಬೆ ಜಡ್ಜ್. ಅವನಿಗೆ ಕೆಮ್ಮು, ಯಾವ ಕೇಸು ಬಂದರೂ "ಹೋಗ್ಲಿ ಬಿಡಿ, ಮುಂದೆ ನೋಡೋಣ" ಅನ್ನುವ ಚಾಳಿ. ಕೆಂಪು ಕೈಗವಸು ಕೋಳಿಯತ್ತೆ, ಊರಿನ ಸುದ್ದಿಯೆಲ್ಲ ಅವಳ ಕೊಕ್ಕಿನಲ್ಲಿ. ಹಳದಿ ಮಿಶ್ರಿತ ಹಸಿರಿನದು ಕಪ್ಪೆ. ಇವನಿಗೆ ನೀರು ತಾಗಿದರೆ ನೆಗಡಿ, ಅದಕ್ಕೇ ಕೊಡೆಯಿಲ್ಲದೆ ಹೊರಗೆ ಕಾಲಿಡುವುದಿಲ್ಲ. ಆಮೆಯೂ ಉಂಟು, ಬರುವುದು ಅಪರೂಪ. ಮೆಟ್ಟಿಲಿಳಿದು ಬರುವಷ್ಟರಲ್ಲಿ ಅವತ್ತಿನ ಆಟವೇ ಮುಗಿದಿರುತ್ತದೆ.

ಎಲ್ಲರಿಗಿಂತ ದೊಡ್ಡವಳು ಮೊಸಳೆ ಮೇಡಂ. ದಪ್ಪ ಹಸಿರು ಕೈಗವಸು, ನಾಲ್ಕು ಬೆರಳು ಸೇರಿಸಿ ಹೊಲಿದರೆ ಮೇಲಿನ ದವಡೆ, ಹೆಬ್ಬೆರಳು ಕೆಳದವಡೆ. ಅವಳ ಹಲ್ಲು ಮಾತ್ರ ನನ್ನವು. ಅಂದರೆ ನಾನು ಕೊಟ್ಟವು. ನಾನು ಹಲ್ಲಿನ ಸೆಟ್ ಕಟ್ಟುವ ಲ್ಯಾಬಿನಲ್ಲಿದ್ದೇನೆ. ಬಣ್ಣ ಹೊಂದದೆ ಉಳಿದ ಹಲ್ಲುಗಳನ್ನು ಅಮ್ಮ ಒಂದು ದಿನ ಅಂಗೈ ಒಡ್ಡಿ ಕೇಳಿದಳು. ಮೊಸಳೆ ಮೇಡಂ ಸದಾ ಅವಸರದಲ್ಲಿ. "ನಂಗೆ ಪುರುಸೊತ್ತಿಲ್ಲ" ಅನ್ನುತ್ತಲೇ ಬರುತ್ತಾಳೆ, ಬಂದವಳೇ "ಯಾರು ಲೈಟ್ ಹಾಕಿಟ್ಟು ಬಂದಿದ್ದು?" ಅಂತ ಕೂಗುತ್ತಾಳೆ, ಎಲ್ಲರ ಬಾಯಿ ತೆಗೆಸಿ ಹಲ್ಲು ನೋಡುತ್ತಾಳೆ. ಅವಳ ಕೋಪ ಚಹಾಕ್ಕಿಟ್ಟ ನೀರು ಕುದಿಯುವವರೆಗೆ ಮಾತ್ರ. ಮಕ್ಕಳಿಗೆ ಅವಳೆಂದರೆ ಪ್ರಾಣ. ಇಂಥ ಒಂದು ಪಾತ್ರ ಅಮ್ಮನಿಗೆ ಎಲ್ಲಿ ಹೊಳೆಯಿತೋ.

ಪ್ರತಿ ಭಾನುವಾರ ಸಂಜೆ ಸೋಫಾದ ಬೆನ್ನ ಹಿಂದೆ ಅಮ್ಮ ಮಂಡಿಯೂರುತ್ತಿದ್ದಳು, ಈಚೆ ಮಕ್ಕಳು. ಬೆಳಕಿನ ಜವಾಬ್ದಾರಿ ಅಪ್ಪನದು. ಟೇಬಲ್ ಲ್ಯಾಂಪ್ ಹಿಡಿದು ಕೂರುತ್ತಿದ್ದರು, ಸ್ವಲ್ಪ ಹೊತ್ತಿಗೆ ನಿದ್ದೆ ಹತ್ತಿ ಲ್ಯಾಂಪು ಮೆಲ್ಲಗೆ ನೆಲದ ಕಡೆ ವಾಲುತ್ತಿತ್ತು. ಅಮ್ಮನ ದನಿ ಒಂದು ಕ್ಷಣವೂ ತಡವರಿಸುತ್ತಿರಲಿಲ್ಲ. "ಓಹೋ, ಇವತ್ತು ನಮ್ಮೂರಲ್ಲಿ ಬೇಗ ಸಂಜೆಯಾಯ್ತು!" ಅಂತ ಗೂಬೆ ಹೇಳಿಬಿಡುತ್ತಿದ್ದ. ಮಕ್ಕಳು ತಾತನನ್ನು ಎಬ್ಬಿಸಲು ಓಡುತ್ತಿದ್ದರು, ಸೂರ್ಯ ಮತ್ತೆ ಹುಟ್ಟುತ್ತಿದ್ದ.

ಕೊನೆಯ ಕಥೆ ಕಪ್ಪೆಯ ಕೊಡೆಯದು, ಮೂರು ಭಾನುವಾರ ನಡೆದದ್ದು. ಜೋರು ಮಳೆಯ ದಿನ ಕೊಡೆ ಕಳುವಾಯಿತು. ಅದೇ ಸಂಜೆ ಮೊಸಳೆ ಮೇಡಂ ಮೈ ಒಂದಿಷ್ಟೂ ಒದ್ದೆಯಾಗದೆ ಮನೆಗೆ ಬಂದದ್ದನ್ನು ಕೋಳಿಯತ್ತೆ ನೋಡಿದಳು. ಮಳೆಯಲ್ಲಿ ನೆನೆಯದೆ ಬರಬೇಕೆಂದರೆ ಕೊಡೆ ಇರಲೇಬೇಕಲ್ಲ! ಮೇಡಂ ಬಂಧನಕ್ಕೊಳಗಾದಳು. ಮುಂದಿನ ಭಾನುವಾರ ತೀರ್ಪು ಅಂತ ಗೂಬೆ ಕೆಮ್ಮಿ ಘೋಷಿಸಿದ. ಆ ಗುರುವಾರ ಮಧ್ಯಾಹ್ನ ಮಲಗಿದ ಅಮ್ಮ ಏಳಲಿಲ್ಲ.

ಭಾನುವಾರ, ಜೂನ್ 8

ಇವತ್ತು ನಮ್ಮೆಜಮಾನರು ಧೈರ್ಯ ಮಾಡಿದರು. ಇವರದು ಲಿಫ್ಟ್ ರಿಪೇರಿ ಕೆಲಸ. ಮಕ್ಕಳನ್ನು ಕೂರಿಸಿ ತಾವೇ ಸೋಫಾ ಹಿಂದೆ ಹೋದರು. ಪಾಪ, ಗೂಬೆ, ಕಪ್ಪೆ, ಕೋಳಿ ಎಲ್ಲ ಒಂದೇ ದನಿಯಲ್ಲಿ ಮಾತಾಡಿದವು, ಅದೂ "ದಯವಿಟ್ಟು ಬಾಗಿಲು ಮುಚ್ಚಿ" ಅನ್ನುವ ದನಿಯಲ್ಲಿ.

"ಅಬ್ಜೆಕ್ಷನ್," ಅಂದ ಮಗ. ಅವನಿಗೆ ಹನ್ನೊಂದು ವರ್ಷ, ಮನೆಯಲ್ಲಿ ವಕೀಲರು ಅಂತಲೇ ಕರೆಯುವುದು. "ಜಡ್ಜಿಗೆ ಕೆಮ್ಮಿದೆ. ಇವ್ರು ಕೆಮ್ಮಲೇ ಇಲ್ಲ."

ಇವರು ಕೆಮ್ಮಿದರು. ಕೆಮ್ಮಿದ್ದು ಕಪ್ಪೆ. ಅಲ್ಲಿಗೆ ಆಟ ಮುಗಿಯಿತು.

ಇರುವೆ ಅಳಲಿಲ್ಲ. ಬೊಂಬೆಗಳನ್ನೆಲ್ಲ ಮಡಿಲಲ್ಲಿ ಹಾಕಿಕೊಂಡು, "ಅಮ್ಮ ಮಾಡಲಿ" ಅಂದಳು.

"ನಾನಾ? ನಂಗೆ ಬರಲ್ಲ ಕಂದ. ನಾನು ಹಲ್ಲು ಕಟ್ಟೋಳು."

"ಅಜ್ಜಿ ಹುಟ್ಟುಹಬ್ಬದ ದಿನ ಮಾಡು. ಅಷ್ಟರೊಳಗೆ ಕಲಿ." ವಕೀಲರು ಕ್ಯಾಲೆಂಡರ್ ನೋಡಿ ಬಂದರು. ಜುಲೈ ಆರು, ಅದೂ ಭಾನುವಾರವೇ. "ಅವತ್ತು ತೀರ್ಪು ಬರ್ಲಿಲ್ಲ ಅಂದ್ರೆ?" ಅಂತ ತಂಗಿಯನ್ನು ಕೇಳಿದರು. ಅವಳು ಯೋಚಿಸಿ ಹೇಳಿದಳು. "ಎಲ್ಲಾರೂ ಡಬ್ಬಿಗೆ. ಆಮೇಲೆ ಯಾವತ್ತೂ ಆಟ ಇಲ್ಲ."

ಆ ಮಾತನ್ನು ಎಷ್ಟು ತಣ್ಣಗೆ ಹೇಳಿದಳೆಂದರೆ ನನಗೆ ಅದೇ ಹೆದರಿಕೆ. ಅತ್ತಿದ್ದರೆ ವಾಸಿ ಇತ್ತು. ಅಜ್ಜಿಯ ಜೊತೆ ಮನೆಯ ನಗುವೂ ಹೋಯಿತು ಅಂತ ಈ ಮಗು ಲೆಕ್ಕ ಹಾಕಿಬಿಡುತ್ತದೆ, ಅದಕ್ಕೆ ನಾನು ಬಿಡಬಾರದು. ಮಾಡುತ್ತೇನೆ. ಆದರೆ ಅಮ್ಮ ಈ ಕಥೆಯನ್ನು ಹೇಗೆ ಮುಗಿಸಬೇಕು ಅಂತಿದ್ದಳೋ ಹಾಗೇ ಮುಗಿಸಬೇಕು, ನನ್ನ ಮನಸ್ಸಿಗೆ ಬಂದ ಹಾಗಲ್ಲ. ಅವಳು ಒಂದಕ್ಷರವನ್ನೂ ಬರೆದಿಟ್ಟವಳಲ್ಲ. ಯಾರಿಗಾದರೂ ಬಾಯಲ್ಲಿ ಹೇಳಿರಬೇಕು.

ಸೋಮವಾರ, ಜೂನ್ 9

ಬಚ್ಚಲಲ್ಲಿ ಗೂಬೆಯ ಕೆಮ್ಮು ಅಭ್ಯಾಸ ಮಾಡಿದೆ. ಇವರು ಬಾಗಿಲು ತಟ್ಟಿ ಸಿರಪ್ ತರಲಾ ಅಂದರು.

ಬುಧವಾರ, ಜೂನ್ 11

ಮೊದಲು ಅಪ್ಪನನ್ನು ವಿಚಾರಿಸಿದೆ. "ಅಮ್ಮ ಏನಾದ್ರೂ ಹೇಳಿದ್ಲಾ? ಕೊಡೆ ಕದ್ದಿದ್ದು ಯಾರು?"

"ಯಾರೂ ಕದ್ದಿಲ್ಲ. ಕಪ್ಪೇನೇ ಬಸ್ಸಲ್ಲಿ ಬಿಟ್ಟು ಬಂದಿದ್ದು," ಅಂದರು ಖಚಿತವಾಗಿ.

"ಅಮ್ಮ ಹಾಗಂದ್ಲಾ?"

"ಅವಳ್ಯಾಕೆ ಹೇಳ್ಬೇಕು? ಕಪ್ಪೆ ಅಂದ್ರೆ ನಾನೇ ತಾನೆ? ನನಗೆ ಗೊತ್ತಿರಲ್ವಾ?"

ನನಗೆ ಚಹಾ ನೆತ್ತಿಗೇರಿತು. ಬಿಸಿಲಲ್ಲೂ ಕೊಡೆ, ಫ್ಯಾನ್ ಹಾಕಿದರೆ ಸೀನು. ಇಷ್ಟು ವರ್ಷ ಕಣ್ಣೆದುರಿಗೇ ಇದ್ದದ್ದು ನನಗೆ ಹೊಳೆದಿರಲಿಲ್ಲವಲ್ಲ! ಅಪ್ಪನಿಗೆ ಬೇಜಾರಿಲ್ಲವಾ ಅಂತ ಕೇಳಿದೆ. "ಬೇಜಾರ್ಯಾಕೆ? ನಂಗೆ ಕೊಟ್ಟ ಕೋಟು ನೋಡಿದೀಯಾ, ಎರಡು ಜೇಬು ಇಟ್ಟಿದಾಳೆ" ಅಂದರು. ಬೊಂಬೆ ತಂದು ತೋರಿಸಿದರು. ಹೌದು, ಜೇಬಿದೆ. ಒಂದರಲ್ಲಿ ಕಡಲೆ ಬೀಜದಷ್ಟು ಕರವಸ್ತ್ರ.

ಅಮ್ಮ ಹೋದ ಮೇಲೆ ಅಪ್ಪ ಇವತ್ತು ಮೊದಲ ಸಲ ಮಧ್ಯಾಹ್ನ ಸುಖವಾಗಿ ನಿದ್ದೆ ಮಾಡಿದರು.

ಶನಿವಾರ, ಜೂನ್ 14

ಬ್ರೆಡ್ಡಿನ ಅಂಗಡಿಗೆ ಹೋಗಿದ್ದೆ. ಅಮ್ಮ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ ಒಂದು ಬ್ರೆಡ್ಡಿಗೆ ಒಂದು ಗಂಟೆ ನಿಂತು ಬರುತ್ತಿದ್ದಳು. ಬೇಕರಿಯವರು ನನ್ನ ಮುಖ ನೋಡಿದ್ದೇ ಕೇಳಿದರು, "ಏನಾಯ್ತಮ್ಮ, ಕೊಡೆ ಕೇಸು?"

"ನಿಮಗೂ ಗೊತ್ತಾ?"

"ಗೊತ್ತಾ ಅಂದ್ರೇನು! ಯಾರ ಮೇಲೆ ಅನುಮಾನ ಅಂತ ಅಮ್ಮನವರು ನನ್ನೇ ಕೇಳಿದ್ರು. ನಾನು ಕೋಳಿ ಮೇಲೆ ಅಂದೆ. ಪಾಯಿಂಟ್ ಇದೆ ಅಂದ್ರು."

ಆ ವಾರ ಗೂಬೆ ಕೋಳಿಯತ್ತೆಯನ್ನು ಕರೆಸಿ ಗದರಿದ್ದು ನೆನಪಾಯಿತು. ಅಷ್ಟರಲ್ಲಿ ಒಬ್ಬರು ಬಂದು ನಿನ್ನೆಯ ಬ್ರೆಡ್ಡು ತಳ ಹಿಡಿದಿತ್ತು ಅಂತ ಜಗಳ ತೆಗೆದರು. ಬೇಕರಿಯವರು ಹಿಟ್ಟಿನ ಧೂಳಿಗೆ ಖೊಕ್ ಖೊಕ್ ಅಂತ ಕೆಮ್ಮಿ, "ಹೋಗ್ಲಿ ಬಿಡಿ, ಮುಂದೆ ನೋಡೋಣ" ಅಂದರು.

ನಾನು ಬ್ರೆಡ್ಡು ಹಿಡಿದುಕೊಂಡು ಬಾಯಿ ತೆರೆದು ನಿಂತೇ ಇದ್ದೆ. ಏಪ್ರನ್ ಕಟ್ಟಿಕೊಂಡ ಗೂಬೆ!

ಮಂಗಳವಾರ, ಜೂನ್ 17

ಕೋಳಿಯತ್ತೆ ಸಿಕ್ಕಳು. ಮೂಲೆಮನೆಯ ಪಕ್ಕ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟಿರುವವರು. ನಾನು ಕುರ್ಚಿಯಲ್ಲಿ ಕೂತು ಬಟ್ಟೆ ಹೊದೆಯುವಷ್ಟರಲ್ಲಿ ಮೂರು ಮನೆಯ ಸುದ್ದಿ ಹೇಳಿ ಮುಗಿಸಿದ್ದರು, ಇನ್ನು ಅನುಮಾನವೇಕೆ.

"ನಿಮ್ಮಮ್ಮ ತಿಂಗಳಿಗೆ ಮೂರು ಸಲ ಬರ್ತಿದ್ರು. ಕತ್ತರಿಸೋಕೆ ಕೂದಲೇ ಇರ್ತಿರ್ಲಿಲ್ಲ! ನಾನು ಸುಮ್ನೆ ಗಾಳಿಯಲ್ಲಿ ಕತ್ತರಿ ಆಡಿಸ್ತಿದ್ದೆ, ಅವ್ರು ಕಥೆ ಹೇಳೋರು. ಆಮೇಲೆ ಮುಂದೇನಾಗ್ಲಿ ಅಂತ ಕೇಳೋರು. ನಾನು ಜಡ್ಜ್ ಮೇಲೇನೇ ಡೌಟು ಅಂದಿದ್ದೆ."

"ಹಾಗಾದ್ರೆ ಕೊನೆಗೆ ಏನು ಅಂತ ಅವಳಿಗೆ..."

"ಅವರಿಗೆಲ್ಲಿ ಗೊತ್ತಿತ್ತು? ನನ್ನ ಹತ್ರ ಆಣೆ ಮಾಡಿ ಹೇಳಿದ್ರು, ನಂಗೂ ಭಾನುವಾರವೇ ಗೊತ್ತಾಗೋದು ಅಂತ."

ನನಗೆ ಸಿಟ್ಟು ಬಂತು. ಒಂದು ವಾರ ಬೀದಿ ಬೀದಿ ಸುತ್ತಿ ಹುಡುಕಿದ ತೀರ್ಪು ಇರಲೇ ಇಲ್ಲ ಅಂದರೆ! ಮನೆಗೆ ಬಂದು ಧಡಾರನೆ ಪಾತ್ರೆ ಇಟ್ಟೆ. ನೀರು ಕುದಿಯುವಷ್ಟರಲ್ಲಿ ಸಿಟ್ಟು ಇಳಿಯಿತು, ಚಹಾ ಕುಡಿಯುವಾಗ ಒಬ್ಬಳೇ ನಗುತ್ತಿದ್ದೆ. ಅಮ್ಮ ಹೀಗೇ. ನಾನು ಶಾಲೆಯಲ್ಲಿ ಓಟದ ಪಂದ್ಯದಲ್ಲಿ ಕೊನೆಯವಳಾಗಿ ಬಂದು ಮೂತಿ ಊದಿಸಿ ಕೂತಿದ್ದಾಗ, ಕೈಗವಸಿನ ಒಳಬಟ್ಟೆಯಲ್ಲಿ ಒಂದು ಪದಕ ಹೊಲಿದು ಕತ್ತಿಗೆ ಹಾಕಿದ್ದಳು. ಮೊದಲ ಬಹುಮಾನದವಳ ಪದಕಕ್ಕಿಂತ ಅಗಲ. ಮಾರನೇ ದಿನ ಮೊದಲು ಬಂದವಳು ನನ್ನ ಪದಕ ಬೇಕು ಅಂತ ಹಟ ಹಿಡಿದಳು. ಅಮ್ಮ ಅವಳಿಗೂ ಒಂದು ಹೊಲಿದುಕೊಟ್ಟಳು, ಕೊನೆಗೆ ತರಗತಿಗೆಲ್ಲ.

ಕೂದಲು ತೀರಾ ಗಿಡ್ಡವಾಗಿದೆ. ಇರಲಿ.

ಭಾನುವಾರ, ಜೂನ್ 22

ದನಿಗಳು ಒಂದೊಂದಾಗಿ ಬರುತ್ತಿವೆ. ಬೇಕರಿಗೆ ಹೋಗಿ ಬಂದರೆ ಗೂಬೆ ಗಂಟಲಲ್ಲಿ ಕೂತಿರುತ್ತಾನೆ. ಕೋಳಿಗೆ ಉಸಿರು ತೆಗೆದುಕೊಳ್ಳದೆ ಮಾತಾಡಬೇಕು ಅಷ್ಟೆ. ಕಪ್ಪೆಗೆ ಅಪ್ಪನೇ ಪಕ್ಕದಲ್ಲಿ ಕೂತು ಸೀನಿ ತೋರಿಸುತ್ತಾರೆ.

ಶುಕ್ರವಾರ ಲ್ಯಾಬಿನಲ್ಲಿ ಮೇಣದ ಮೇಲೆ ಹಲ್ಲು ಕೂರಿಸುತ್ತ ಕೂರಿಸುತ್ತ ಆ ಪ್ಲಾಸ್ಟರ್ ದವಡೆಯನ್ನೇ ಟಕಟಕ ಆಡಿಸಿ "ಆರ್ಡರ್! ಆರ್ಡರ್!" ಅಂದುಬಿಟ್ಟಿದ್ದೆ. ಹಿಂದೆ ನಮ್ಮ ಲ್ಯಾಬಿನ ಯಜಮಾನರು.

"ಯಾರ ಜೊತೆಯಮ್ಮ ಮಾತು?"

"ಗಿರಾಕಿ ಜೊತೆ ಸಾರ್."

"ಏನಂತೆ?"

"ಮೇಲಿನ ಸಾಲು ಸ್ವಲ್ಪ ಬಿಗಿ ಅಂತೆ."

ತಲೆಯಾಡಿಸಿ ಹೋದರು. ಕಷ್ಟವಿರುವುದು ಒಂದೇ ಕಡೆ, ಮೊಸಳೆ ಮೇಡಂ. ಜೈಲಿನಿಂದ ಅಭ್ಯಾಸಕ್ಕೆ ಅಂತ ಹೊರಗೆ ಬಿಡುವುದಿಲ್ಲ ಅಂತಾಳೆ ಜೈಲರ್. ಗುಡುಗಿನ ದನಿ ಮಾಡಿ ನೋಡಿದೆ, ಗೊಗ್ಗರು ದನಿ ಮಾಡಿ ನೋಡಿದೆ. ವಕೀಲರು ಪ್ರತಿ ಸಲವೂ "ಅಲ್ಲ" ಅಂತ ತಲೆಯಲ್ಲಾಡಿಸುತ್ತಾರೆ. ಉಳಿದವರೆಲ್ಲ ಯಾರು ಅಂತ ತಿಳಿದ ಹಾಗೆ ಇವಳು ಯಾರು ಅಂತ ತಿಳಿದರೆ ದನಿಯೂ ಸಿಗುತ್ತದೆ. ಕೂತು ಯೋಚಿಸಿದೆ. ಲೈಟ್ ಹಾಕಿಟ್ಟರೆ ಕೂಗುವವರು ಯಾರು? ಇನ್ಯಾರು, ಮಹಡಿ ಮೇಲಿನ ನಮ್ಮ ಮನೆ ಓನರಮ್ಮ! ಅವರ ಹಲ್ಲಿನ ಸೆಟ್ ಕಟ್ಟಿದ್ದೂ ನಾನೇ. ಎಲ್ಲ ಕೂಡಿ ಬಂತು.

ಗುರುವಾರ, ಜೂನ್ 26

ಮಾನ ಹೋಯಿತು. ಆದರೂ ಬರೆಯುತ್ತೇನೆ.

ಓನರಮ್ಮನನ್ನು ಹುಟ್ಟುಹಬ್ಬದ ಆಟಕ್ಕೆ ಇರುವೆ ಆಗಲೇ ಕರೆದಾಗಿದೆ. ಅವರು ಬಂದು ಎಲ್ಲರೆದುರು ತಮ್ಮನ್ನು ತಾವು ನೋಡಿಕೊಂಡರೆ ಏನು ಗತಿ ಅಂತ ನಾನೇ ಮೊದಲು ಹೋಗಿ ಹೇಳಿಬಿಡೋಣ ಅಂದುಕೊಂಡೆ. ಸಂಜೆ ಮೇಲೆ ಹೋದೆ. ಮಂಡಿಗೆ ಮುಲಾಮು ಹಚ್ಚಿಕೊಳ್ಳುತ್ತ ಕೂತಿದ್ದರು.

"ಆಂಟಿ, ಒಂದ್ಮಾತು. ತಪ್ಪು ತಿಳ್ಕೋಬೇಡಿ. ಅಮ್ಮನ ಆಟದಲ್ಲಿ ಮೊಸಳೆ ಅಂತ ಒಂದಿದೆ. ಸ್ವಲ್ಪ ಕೂಗಾಡುತ್ತೆ, ಆದ್ರೆ ಮನಸ್ಸು ತುಂಬಾ ಒಳ್ಳೇದು. ಅದು, ಅಂದ್ರೆ, ಅಮ್ಮ ನಿಮ್ಮನ್ನ ನೋಡಿ..."

"ನಾನಾ? ಮೊಸಳೆನಾ?"

ಮುಲಾಮಿನ ಡಬ್ಬಿ ಕೈಯಿಂದ ಜಾರಿತು. ಓನರಮ್ಮ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಹೊಟ್ಟೆ ಹಿಡಿದುಕೊಂಡರು, ಕಣ್ಣೊರೆಸಿಕೊಂಡರು. ಒಂದು ಮಾತು ಹೇಳಲೇಬೇಕು, ಅಷ್ಟು ನಕ್ಕರೂ ನಾನು ಕಟ್ಟಿದ ಸೆಟ್ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

"ಅಯ್ಯೋ ಹುಚ್ಚಮ್ಮ, ನಾನು ಆಮೆ ಕಣೇ! ಮೆಟ್ಟಿಲಿಳಿಯೋದು ನೋಡಿಲ್ವಾ ನೀನು ನನ್ನ? ನಿಮ್ಮಮ್ಮ ನನ್ನ ಕೇಳೇ ಮಾಡಿದ್ದು. ಚಿಪ್ಪಿನ ಬಣ್ಣ ನಾನೇ ಆರಿಸಿದ್ದು."

"ಹಾಗಾದ್ರೆ ಮೊಸಳೆ ಯಾರು ಆಂಟಿ?"

ಅವರ ನಗು ನಿಂತಿತು. ನನ್ನ ಮುಖವನ್ನೇ ನೋಡಿದರು. "ನಿಜವಾಗ್ಲೂ ಗೊತ್ತಿಲ್ವಾ ನಿಂಗೆ?"

"ಇಲ್ಲ."

"ದೇವರೇ," ಅಂದು ನನ್ನ ಕೆನ್ನೆ ತಟ್ಟಿ, ಮುಲಾಮಿನ ಕೈಯಲ್ಲೇ, ಮತ್ತೆ ನಗಲು ಶುರು ಮಾಡಿದರು. ಎಷ್ಟು ಬೇಡಿಕೊಂಡರೂ ಹೇಳಲಿಲ್ಲ. ಕೆಳಗೆ ಬರುವಾಗ ಮೆಟ್ಟಿಲಿನ ಲೈಟ್ ಹಾಕಿಯೇ ಇತ್ತು. ಯಾರು ಹಾಕಿಟ್ಟು ಹೋದರೋ, ಒಬ್ಬರಿಗಾದರೂ ಜವಾಬ್ದಾರಿ ಬೇಡವಾ. ಆರಿಸಿ ಬಂದೆ.

ಶುಕ್ರವಾರ, ಜೂನ್ 27

ಮೊಸಳೆ ನಮ್ಮ ಲ್ಯಾಬಿನ ಯಜಮಾನರಿರಬೇಕು. ಸಂಶಯವೇ ಇಲ್ಲ.

ಬುಧವಾರ, ಜುಲೈ 2

ಲ್ಯಾಬಿನ ಯಜಮಾನರಲ್ಲ. ಅಮ್ಮ ಅವರನ್ನು ನೋಡಿಯೇ ಇರಲಿಲ್ಲ ಅಂತ ಇವರು ನೆನಪಿಸಿದರು. ಮೊಸಳೆ ಯಾರು ಅಂತ ಇವರನ್ನು ಕೇಳಿದೆ. ಪತ್ರಿಕೆ ಮುಖಕ್ಕೆ ಅಡ್ಡ ಹಿಡಿದರು, ಪತ್ರಿಕೆ ಅಲುಗುತ್ತಿತ್ತು.

ತೀರ್ಪು ಇನ್ನೂ ಹೊಳೆದಿಲ್ಲ. ಮಳೆಯಲ್ಲಿ ಮೊಸಳೆ ನೆನೆಯದೆ ಬಂದದ್ದು ಹೇಗೆ ಅನ್ನುವುದಕ್ಕೆ ಉತ್ತರ ಇಲ್ಲದಿದ್ದರೆ ವಕೀಲರು ಬಿಡುವವರಲ್ಲ. ಹೆದರಿಕೆಯಾಗುತ್ತಿದೆ. ಇರುವೆ ಇವತ್ತು ಕೈದಿಗೆ ಒಂದು ದಿಂಬಿನ ಚೀಲ ಹೊಲಿಯುತ್ತ ಕೂತಿದ್ದಳು, ಸೂಜಿ ಹಿಡಿಯುವುದು ಅಮ್ಮ ಹೇಳಿಕೊಟ್ಟ ಹಾಗೇ, ನಾಲಿಗೆ ಹೊರಗೆ ಹಾಕಿ. ನೋಡಿ ಅಳು ಬಂತು, ಒಳ್ಳೆಯ ಅಳು. ಅಮ್ಮನೂ ಹೊಲಿಯುವಾಗ ನಾಲಿಗೆ ಹೊರಗೆ ಹಾಕುತ್ತಿದ್ದಳು.

ಭಾನುವಾರ, ಜುಲೈ 6

ಮೊದಲಿಂದ ಬರೆಯುತ್ತೇನೆ, ಇಲ್ಲದಿದ್ದರೆ ಒಂದರೊಳಗೊಂದು ಕಲಸಿಹೋಗುತ್ತದೆ.

ಸಂಜೆಗೆ ಮನೆ ತುಂಬಿತ್ತು. ಬೇಕರಿಯವರು ದೊಡ್ಡ ಕೇಕು ತಂದಿದ್ದರು, ಕೂದಲಿನವರು ಬರುತ್ತಲೇ ಎಲ್ಲರ ತಲೆ ಪರೀಕ್ಷೆ ಮಾಡಿದರು, ಓನರಮ್ಮ ಇವರ ತೋಳು ಹಿಡಿದು ಮೆಟ್ಟಿಲಿಳಿದು ಬರುವಷ್ಟರಲ್ಲಿ ಬೇಕರಿಯವರು "ಆಮೆಯವರು ಬಂದ್ರು, ಇನ್ನು ಆಟ ಮುಗೀತು ಅಂತ್ಲೇ" ಅಂದರು. ಅಪ್ಪ ಲ್ಯಾಂಪ್ ಹಿಡಿದು ಕೂತರು. ನಾನು ಸೋಫಾದ ಹಿಂದೆ ಮಂಡಿಯೂರಿದೆ. ಅಲ್ಲಿ ನೆಲದ ಮೇಲೆ ಅಮ್ಮನ ಮಂಡಿಗೆ ಅಂತ ಹಾಕಿದ್ದ ಹಳೆಯ ದಿಂಬು ಹಾಗೇ ಇತ್ತು. ಇರುವೆ ಚಪ್ಪಲಿ ಬೀರು ತೆಗೆದು ಕೈದಿಯನ್ನು ತಂದು, ತಾನೇ ನನ್ನ ಎಡಗೈಗೆ ತೊಡಿಸಿದಳು.

ಗೂಬೆ ಕೆಮ್ಮಿದ. ಬೇಕರಿಯವರು ಹೌಹಾರಿ ತಾವೂ ಕೆಮ್ಮಿದರು. ಎಲ್ಲರೂ ಕೈ ತಟ್ಟಿದರು. ಕೋಳಿಯತ್ತೆ ಸಾಕ್ಷಿ ಹೇಳಿ ಹೋದಳು, ಕಪ್ಪೆ ಸೀನಿ ಹೋದ. ಇನ್ನು ಮೊಸಳೆ ಮೇಡಂ. ಕೈ ಎತ್ತಿದೆ. ದನಿ ಇಲ್ಲ. ಗಂಟಲಲ್ಲಿ ಏನೂ ಇಲ್ಲ. ಅದೇ ಹೊತ್ತಿಗೆ ಅಪ್ಪನಿಗೆ ನಿದ್ದೆ ಹತ್ತಿತು, ಲ್ಯಾಂಪು ವಾಲಿತು, ಕತ್ತಲಾಯಿತು. ನನಗಿದ್ದ ಹೆದರಿಕೆಯೆಲ್ಲ ಸಿಟ್ಟಾಗಿ ಬಂತು.

"ಲೈಟ್ ಸರಿಯಾಗಿ ಹಿಡೀರೋ ಯಾರಾದ್ರೂ! ಎಲ್ಲಾ ನಾನೇ ಹೇಳ್ಬೇಕಾ? ನಂಗೆ ಪುರುಸೊತ್ತಿಲ್ಲ!"

ಅದು ನಾನು. ಬೊಂಬೆಯಲ್ಲ, ನಾನೇ, ದಿನಾ ಕೂಗುವ ಹಾಗೆ. ಮುಗಿಯಿತು, ಕೆಡಿಸಿದೆ ಅಂದುಕೊಂಡೆ. ಆಚೆ ಕಡೆ ಸೂರೇ ಹಾರಿಹೋಗುವಂಥ ಚಪ್ಪಾಳೆ. "ಅದೇ! ಅದೇ ದನಿ!" ಅಂತ ವಕೀಲರು ಕುಣಿಯುತ್ತಿದ್ದರು. "ಮೇಡಂ ಬಂದ್ರು, ಮೇಡಂ ಬಂದ್ರು!" ಅಂತ ಇರುವೆ. ನನಗೆ ಇನ್ನೂ ಅರ್ಥವಾಗಲಿಲ್ಲ. ದಡ್ಡತನಕ್ಕೂ ಒಂದು ಮಿತಿ ಬೇಕು, ನನಗದೂ ಇಲ್ಲ.

ಅಪ್ಪ ಎದ್ದರು, ಬೆಳಕಾಯಿತು. ಗೂಬೆ ಕೇಳಿದ, "ಮೇಡಂ, ಅಷ್ಟು ಮಳೆಯಲ್ಲಿ ನೆನೆಯದೆ ಮನೆಗೆ ಬಂದಿದ್ದು ಹೇಗೆ?" ಅಮ್ಮ ಮಾಡುತ್ತಿದ್ದ ಹಾಗೆ ಮಾಡಿದೆ. ಗೂಬೆಯನ್ನು ಮುಂದಕ್ಕೆ ಬಗ್ಗಿಸಿ, "ಇಲ್ಲಿರೋರಿಗೆ ಯಾರಿಗಾದ್ರೂ ಗೊತ್ತಿದೆಯಾ?" ಅಂದೆ.

"ನಂಗ್ಗೊತ್ತು," ಅಂತ ಇರುವೆ ಎದ್ದು ನಿಂತಳು. "ಅವಳು ಕೊಡೆ ಕದ್ದಿಲ್ಲ. ಅವಳಿಗೆ ಕೊಡೆ ತಗೊಂಡೋಗೋದೇ ಮರೆತೋಗತ್ತೆ, ಯಾವಾಗ್ಲೂ. ಮಳೆ ಬಂದ್ರೆ ನಿಲ್ಲೋವರೆಗೂ ಲ್ಯಾಬಲ್ಲೇ ನಿಂತ್ಕೋತಾಳೆ. ಅದಕ್ಕೇ ನೆನೆಯಲ್ಲ. ಅದಕ್ಕೇ ಲೇಟು."

"ಇದಕ್ಕೆ ಸಾಕ್ಷಿ?" ಅಂದರು ವಕೀಲರು.

"ನಾನು, ಅಜ್ಜಿ. ದಿನಾ ಕಿಟಕೀಲಿ ಕಾಯ್ತಾ ಇರ್ತಿದ್ವಿ. ಬಸ್ಸಿಂದ ಇಳಿದು ಬರೋದು ಕಾಣುತ್ತೆ. 'ಅಗೋ ಮೊಸಳೆ ಬಂತು, ಲೈಟ್ ಆರಿಸು ಓಡು' ಅಂತ ಅಜ್ಜಿ ಹೇಳೋರು. ಆಮೇಲೆ ಅವಳು ಬಂದು ಕೂಗ್ತಾಳೆ, ಆಮೇಲೆ ಟೀ ಮಾಡ್ತಾಳೆ, ಆಮೇಲೆ ನನ್ನ ಹಲ್ಲು ನೋಡ್ತಾಳೆ, ಆಮೇಲೆ ಮುದ್ದು ಮಾಡ್ತಾಳೆ."

ಮೊಸಳೆಗೆ ಲ್ಯಾಬ್ ಎಲ್ಲಿದೆ ಅಂತ ಯೋಚಿಸುತ್ತಿದ್ದೆ. ಹಾಗೆ ಯೋಚಿಸುತ್ತಲೇ ನನ್ನ ಎಡಗೈಯನ್ನು ನೋಡಿದೆ. ನಾನು ಕೊಟ್ಟ ಹಲ್ಲು, ಅಮ್ಮ ಬಿಡಿಸಿದ ಹುಬ್ಬುಗಂಟು. ಬೊಂಬೆಯೂ ನನ್ನನ್ನೇ ನೋಡುತ್ತಿತ್ತು. ಇಡೀ ಬೀದಿಗೆ ಗೊತ್ತಿದ್ದದ್ದು ನನಗೊಬ್ಬಳಿಗೆ ಗೊತ್ತಿರಲಿಲ್ಲ.

ಸೋಫಾದ ಹಿಂದೆ ಕೂತು ನಗುತ್ತಿದ್ದೆನೋ ಅಳುತ್ತಿದ್ದೆನೋ, ಎರಡೂ ಕೈ ಮೇಲಿತ್ತು, ಮೂಗೊರೆಸಿಕೊಳ್ಳಲೂ ಆಗಲಿಲ್ಲ. ಗೂಬೆಗೆ ಕೆಲಸ ಬಾಕಿ ಇತ್ತು. "ಮೊಸಳೆ ಮೇಡಂ ನಿರಪರಾಧಿ! ಬಿಡುಗಡೆ!" ಅಂದೆ. ಗೂಬೆಯ ದನಿ ಒಡೆದಿತ್ತು, ಕೆಮ್ಮು ಅಂತ ಎಲ್ಲರೂ ಅಂದುಕೊಂಡರು.

"ಹಾಗಾದ್ರೆ ಕೊಡೆ ಎಲ್ಲಿ?" ಅಂತ ವಕೀಲರು ಹಿಡಿದುಕೊಂಡರು. ನಾನು ಉತ್ತರ ಹುಡುಕುವ ಮೊದಲೇ ಬೇಕರಿಯವರು ಕುರ್ಚಿಯಿಂದೆದ್ದು, "ಹೋಗ್ಲಿ ಬಿಡಿ, ಮುಂದೆ ನೋಡೋಣ!" ಅಂತ ಕೇಕಿಗೆ ಚಾಕು ಹಾಕಿದರು.

ಇರುವೆ ಸೋಫಾದ ಹಿಂದೆ ಬಂದಳು. ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಮೊಸಳೆಯ ಮೂತಿಗೆ ಮುತ್ತು ಕೊಟ್ಟು, "ಜೈಲು ಮುಗೀತು. ಬಾ, ಊಟ ಮಾಡೋಣ" ಅಂದಳು. ಬೊಂಬೆ ಬಿಚ್ಚಲು ಬಿಡಲಿಲ್ಲ. ಹಾಗೇ ಕೈ ಹಿಡಿದು ಎಳೆದುಕೊಂಡು ಹೋಗಿ ಮೇಜಿನ ಮುಂದೆ ಕೂರಿಸಿದಳು. ಮೊಸಳೆಗೆ ಬೇರೆ ತಟ್ಟೆ. ನಾನು ಎಡಗೈಯಲ್ಲಿ ಮೊಸಳೆ ಇಟ್ಟುಕೊಂಡು ಬಲಗೈಯಲ್ಲಿ ಸೂಪು ಕುಡಿದೆ. ತಟ್ಟೆಯಲ್ಲಿ ಬಿಡಬೇಡ, ನೆಟ್ಟಗೆ ಕೂತ್ಕೋ, ಬಾಯಿ ತೆಗಿ ಹಲ್ಲು ನೋಡೋಣ, ದಿನಾ ಹೇಳುವ ಮಾತೇ ಹೇಳಿದೆ. ಬೇಕರಿಯವರೂ ಬಾಯಿ ತೆಗೆದರು. ಎಲ್ಲರೂ ಬಿದ್ದು ಬಿದ್ದು ನಕ್ಕರು, ತಟ್ಟೆಯೂ ಖಾಲಿಯಾಯಿತು.

ಅಮ್ಮನ ಮೇಲೆ ನನಗೆ ಹೇಳಲಾರದಷ್ಟು ಪ್ರೀತಿ ಉಕ್ಕುತ್ತಿದೆ. ನಾನು ಲ್ಯಾಬಿನಲ್ಲಿ ಕೂತು ಊರವರ ಹಲ್ಲು ಕಟ್ಟುತ್ತಿದ್ದ ಅಷ್ಟೂ ಸಂಜೆ, ಅವಳು ನನ್ನನ್ನು ಮನೆಯಲ್ಲಿ ನನ್ನ ಮಕ್ಕಳ ಜೊತೆ ಕೂರಿಸಿದ್ದಳು.